ಏರಿನಲ್ಲಿ ಹಾಡಿದ್ದು

ಜನವರಿ ೧೯, ಭಾನುವಾರ

ಮಾವನ ಮಾತು ಇನ್ನೂ ಚುಚ್ಚುತ್ತಿದೆ. "ಚೇತನಾ, ಸೈಕಲ್ ರೇಸಿಗೆ ಹೋಗಿದ್ದೇ ಹೆಚ್ಚು. ದಾರಿ ಮೇಲೆ ಹಾಡ್ಕೊಂಡು ಹೋಗೋದು ಎಂತಕ್ಕೆ? ಜನ ನಗ್ತಾರೆ."

ನಕ್ಕರು, ನಗಲಿ. ಇವತ್ತಿನ ರೇಸಿನಲ್ಲಿ ಮಂಚಿಕೇರಿಯ ಏರು ಹತ್ತುವಾಗ ಕಾಲು ಸೋತು ನಾನೇ ಕಟ್ಟಿದ ಹಾಡನ್ನು ಗಟ್ಟಿಯಾಗಿ ಹಾಡಿದೆ: "ತುಳಿ ನನ್ನ ಕಾಲೇ, ತಿರುಗು ನನ್ನ ಗಾಲೀ, ಈ ಏರು ನಮ್ಮದೇ!"

ನನ್ನ ಹಿಂದೆಯೇ ಬರುತ್ತಿದ್ದ ಬನವಾಸಿಯ ಶಿವರಂಜನಿ ಇನ್ನೇನು ಸೈಕಲ್ ಇಳಿಯುವವಳಿದ್ದಳು. "ಅಕ್ಕಾ, ನಿಲ್ಲಿಸಬ್ಯಾಡ್ರಿ, ಇನ್ನೂ ಜೋರ್ ಹಾಡ್ರಿ!" ಎಂದು ಕೂಗಿದಳು. ಆಮೇಲೆ ಅವಳೂ ದನಿಗೂಡಿಸಿದಳು. ಆ ತಾಳಕ್ಕೇ ತುಳಿದು ಇಬ್ಬರೂ ಇಳಿಯದೆ ಏರು ಹತ್ತಿದೆವು.

ಇಳಿಜಾರಿನಲ್ಲಿ ಅವಳು ನನ್ನನ್ನು ದಾಟಿ ಮೂರನೆಯವಳಾದಳು, ಹೆದರಿ ಬ್ರೇಕ್ ಹಿಡಿದೇ ಇಳಿದ ನಾನು ಕೊನೆಯವಳು. ಬಹುಮಾನ ಪಡೆದು ಮೈಕ್ ಹಿಡಿದವಳು ಭಾಷಣ ಮಾಡಲಿಲ್ಲ, ನನ್ನ ಹಾಡು ಹಾಡಿದಳು. ನಕ್ಕವರೇ ಚಪ್ಪಾಳೆಯಲ್ಲಿ ತಾಳ ಹಾಕಿದರು.

ಮಾವ ನಾಳೆಯೂ ಗೊಣಗಲಿ. ಇಳಿಜಾರಿಗೊಂದು ನುಡಿ ಕಟ್ಟಬೇಕು. "ಬಿಡು ನನ್ನ ಬ್ರೇಕೇ..." ಮುಂದಿನದು ಹೊಳೆಯುತ್ತಿಲ್ಲ, ಕಣ್ಣು ಎಳೆಯುತ್ತಿದೆ