ಶನಿವಾರದ ಪಂದ್ಯ, ಶನಿವಾರದ ಮದುವೆ

ಬ್ಯೆಲೊವಾರ್, ಸೋಮವಾರ

ಮಗಳೇ ತೋಂಕಾ,

ನಿನ್ನ ಕಾಗದ ಬಂತು. "ಅಪ್ಪಾ, ಶನಿವಾರ ನಿಮಗೆ ಪಂದ್ಯ ಇದೆಯಂತೆ. ಚಿಂತೆ ಮಾಡಬೇಡಿ, ನನ್ನ ಮದುವೆಗೆ ಚರ್ಚಿನೊಳಗೆ ನಿಮ್ಮ ಬದಲು ಫ್ರಾನೆ ಚಿಕ್ಕಪ್ಪ ನನ್ನ ಕೈ ಹಿಡ್ಕೊಂಡು ಬರ್ತಾರೆ" ಎಂದು ಬರೆದಿದ್ದೀಯ. ಎಲ್ಲಿಯೂ ಒಂದಿಷ್ಟು ಕೋಪವಿಲ್ಲ. ಅದನ್ನು ಓದಿ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ನೀನು ಹುಟ್ಟಿದ ದಿನ ನಾನು ರಿಯೆಕಾದಲ್ಲಿ ಫುಟ್‌ಬಾಲ್ ತಂಡ ಆಡಿಸುತ್ತಿದ್ದೆ. ಇಪ್ಪತ್ತಾರು ವರ್ಷಗಳಲ್ಲಿ ಒಂಬತ್ತು ಕ್ಲಬ್ಬುಗಳಿಗೆ ತರಬೇತಿ ಕೊಟ್ಟೆ. ಒಂದನ್ನೂ ಮೊದಲ ದರ್ಜೆಯ ಲೀಗಿಗೆ ಏರಿಸಲಾಗಲಿಲ್ಲ. ಈ ಶನಿವಾರ ಗೆದ್ದರೆ ಏರುತ್ತೇವೆ.

ನಿನ್ನೆ ಕ್ಲಬ್ಬಿನ ಅಧ್ಯಕ್ಷರ ಹತ್ತಿರ ರಜೆ ಕೇಳಿದೆ. "ಹೋಗೋದಾದ್ರೆ ಹೋಗು ಶಿಮುನ್, ಮತ್ತೆ ಈ ಕಡೆ ತಲೆ ಹಾಕಬೇಡ" ಅಂದರು. ಕ್ಲಬ್ಬಿನ ಕೀಲಿಕೈ ಅವರ ಮೇಜಿನ ಮೇಲಿಟ್ಟು ಎದ್ದು ಬಂದೆ. ಆಮೇಲೆ ತಂಡದ ಹುಡುಗರಿಗೆ ವಿಷಯ ಹೇಳಿದೆ. ನಮ್ಮ ಗೋಲ್‌ಕೀಪರ್ ಬೊಜಿದಾರ್, "ಬಾಸ್, ಇಲ್ಲಿದು ನಾವು ನೋಡ್ಕೋತೀವಿ. ನೀವು ಹೋಗಿ ಕುಣೀರಿ. ಆದ್ರೆ ಅಲ್ಲೂ ಎಲ್ರಿಗೂ ಹೀಗೆ ಕುಣಿ, ಹಾಗೆ ಕುಣಿ ಅಂತ ಕೂಗಬೇಡಿ" ಅಂದ. ಎಲ್ಲರೂ ನಕ್ಕುಬಿಟ್ಟರು.

ಶುಕ್ರವಾರದ ಬಸ್ಸಿಗೆ ಓಮಿಶ್‌ಗೆ, ಮನೆಗೆ ಬರುತ್ತೇನೆ. ನಿನ್ನ ಕೈಯನ್ನು ಫ್ರಾನೆಯೇ ಹಿಡಿಯಲಿ. ನಿನಗೆ ಈಜು, ಸೈಕಲ್ಲು ಎರಡನ್ನೂ ಕಲಿಸಿದವನು ಅವನು; ಆ ಜಾಗ ನಾನು ಕೇಳುವುದಿಲ್ಲ. ನನ್ನ ಹತ್ತಿರ ಇರುವುದೆಲ್ಲ ಕ್ಲಬ್ಬುಗಳ ಟೈ. ಮದುವೆಗೆ ಒಪ್ಪುವಂಥದ್ದೊಂದು ಹುಡುಕಿಡಲು ಅಮ್ಮನಿಗೆ ಹೇಳು. ಮದುವೆಗೆ ಬಂದವರ ಕೋಟಿಗೆ ಚುಚ್ಚುವ ರೋಸ್ಮರಿ ಕಡ್ಡಿಗಳಲ್ಲಿ ನನಗೂ ಒಂದು ಎತ್ತಿಡು. ಪುರುಸೊತ್ತಾದರೆ ನೀನೇ ಚುಚ್ಚು.

ನಿನ್ನ ಅಪ್ಪ,
ಶಿಮುನ್