ಹಳೆಯ ಕ್ಯಾಸೆಟ್ಟಿನಲ್ಲಿದ್ದ ಹೆಸರು

ಚಿಂಚೋಳಿ
೧೪ ಡಿಸೆಂಬರ್ ೨೦೦೪

ಪ್ರೀತಿಯ ವಿಠ್ಠಲಣ್ಣಾ,

ನಿನ್ನ ತಂಗಿ ಪ್ರಮಿತಾಳ ನಮಸ್ಕಾರಗಳು. ಬಾಗಡೋಗ್ರಾದಲ್ಲಿ ಚಳಿ ಹೇಗಿದೆ? ನಿನ್ನ ಕೆಮ್ಮು ಹೋಯಿತೇ? ವಾಯುಪಡೆಯವರು ಕೊಟ್ಟ ಸ್ವೆಟರನ್ನು ಪೆಟ್ಟಿಗೆಯಲ್ಲಿ ಮಡಿಸಿಡಬೇಡ, ಹಾಕಿಕೋ. ಹೋದ ರವಿವಾರ ವಾಡಿಯಿಂದ ಅಪ್ಪ ಬಂದಿದ್ದರು, ಆರಾಮಾಗಿದ್ದಾರೆ. ಇಲ್ಲಿ ಅತ್ತೆ, ಮಾವ, ನನ್ನ ಯಜಮಾನರು ಎಲ್ಲರೂ ಚೆನ್ನಾಗಿದ್ದಾರೆ. ಯಜಮಾನರ ಹೆಸರು ರಘೂತ್ತಮ ಎಂದು ಇಲ್ಲಿ ಬರೆದದ್ದು ಅತ್ತೆಗೆ ಗೊತ್ತಾದರೆ ನನ್ನ ಕಥೆ ಮುಗಿಯಿತು. ಬಾಯಿಂದ ಹೇಳಿಲ್ಲವಲ್ಲ, ಬಿಡು.

ದಸರೆಗೆ ನೀನು ಕಳಿಸಿದ ಪಾರ್ಸೆಲ್ ಮುಟ್ಟಿತು. ಮುಟ್ಟಿದ ಪರಿ ಮಾತ್ರ ಕೇಳು. ರಜೆ ಸಿಗದೆ ನೀನು ಮದುವೆಗೆ ಬರಲಿಲ್ಲ. ಅಕ್ಕಿ ಹರವಿದ ತಟ್ಟೆಯಲ್ಲಿ ಉಂಗುರದಿಂದ ನನ್ನ ಹೊಸ ಹೆಸರು ಜಾನಕಿ ಎಂದು ಬರೆಸಿದ್ದು ನಿನಗೆ ಹೇಗೆ ಗೊತ್ತಾಗಬೇಕು? ನೀನು ಪಾರ್ಸೆಲ್ ಮೇಲೆ ಪ್ರಮಿತಾ ಎಂದೇ ಬರೆದಿದ್ದೆ. ಪೋಸ್ಟ್‌ಮ್ಯಾನ್ ನಾಮದೇವ ಬಾಗಿಲಲ್ಲಿ ನಿಂತು ಆ ಹೆಸರು ಕೂಗಿದಾಗ ಅತ್ತೆ ಅಡುಗೆಮನೆಯಿಂದಲೇ, “ನಮ್ಮ ಮನ್ಯಾಗ ಪ್ರಮಿತಾ ಅನ್ನಾಕಿ ಯಾರೂ ಇಲ್ಲಪಾ” ಎಂದುಬಿಟ್ಟರು. ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದ ನಾನು ಓಡಿ ಬರುವಷ್ಟರಲ್ಲಿ ಅವನ ಸೈಕಲ್ಲು ಓಣಿ ದಾಟಿತ್ತು. ಅತ್ತೆ ಕೆಟ್ಟವರಲ್ಲ. ಅವರಿಗೆ ನಿಜವಾಗಿಯೂ ಮರೆತುಹೋಗಿತ್ತು. ನನಗೆ ಅದೇ ಹೆಚ್ಚು ಚುಚ್ಚಿತು. ಇಪ್ಪತ್ತೆರಡು ವರ್ಷ ಇಟ್ಟುಕೊಂಡಿದ್ದ ಹೆಸರು ಐದೇ ತಿಂಗಳಿಗೆ ಇಲ್ಲವಾಯಿತಲ್ಲ ಎಂದು ಅವತ್ತು ಊಟ ಸೇರಲಿಲ್ಲ. ಮರುದಿನ ಯಜಮಾನರು ಪೋಸ್ಟಾಫೀಸಿಗೆ ಹೋಗಿ ಪಾರ್ಸೆಲ್ ಬಿಡಿಸಿಕೊಂಡು ಬಂದರು.

ಎಂಥ ವಿಡಿಯೋ ಗೇಮ್ ಮೆಶೀನು ಕಳಿಸಿದ್ದೀಯೋ ಅಣ್ಣಾ! ಕುಂಕುಮದ ಡಬ್ಬಿಯ ಹಾಗೆ ಮಡಚುತ್ತದೆ, ತೆರೆದರೆ ಪರದೆಗೆ ತನ್ನದೇ ಬೆಳಕು. ವಾಡಿಯ ಮನೆಯಲ್ಲಿ ನಮ್ಮ ಬೂದು ಬಣ್ಣದ ಗೇಮ್‌ಬಾಯ್ ಹಿಡಿದು ಕಿಟಕಿಯ ಬೆಳಕಿಗಾಗಿ ಕಿತ್ತಾಡುತ್ತಿದ್ದದ್ದು ನೆನಪಾಯಿತು. ಊರಿನ ಕಾರ್ಖಾನೆಯ ಸಿಮೆಂಟಿನ ಧೂಳು ಕೂತು ಅದರ ಗುಂಡಿಗಳು ಸತ್ತ ಮೇಲೂ ಅದರ ಕ್ಯಾಸೆಟ್ಟನ್ನು ನಾನು ಬಿಸಾಡಿರಲಿಲ್ಲ. ಕರವಸ್ತ್ರದಲ್ಲಿ ಸುತ್ತಿ ಮದುವೆಯ ಟ್ರಂಕಿನಲ್ಲಿ ತಂದಿದ್ದೆ. ನೀನು ಚೀಟಿಯಲ್ಲಿ, “ಹಳೇ ಕ್ಯಾಸೆಟ್ಟೂ ಇದರಾಗ ನಡೀತದ, ಹಾಕಿ ನೋಡು” ಎಂದು ಬರೆದಿದ್ದೆ. ಹಾಕಿದರೆ ಅರ್ಧ ಹೊರಗೇ ಉಳಿಯಿತು. ಅಳತೆ ತಪ್ಪಿದೆ ಎಂದುಕೊಂಡೇ ಚಾಲೂ ಮಾಡಿದೆ. ಅದೇ ಟಿಣ್ ಸದ್ದು, ಮೇಲಿಂದ ಬೀಳುವ ಅವೇ ಇಟ್ಟಿಗೆಗಳು. ಆಟದ ನೆನಪು ಇರುವುದು ಕ್ಯಾಸೆಟ್ಟಿನಲ್ಲಿ, ಮೆಶೀನಿನಲ್ಲಲ್ಲ ಎಂದು ನೀನು ಹೇಳುತ್ತಿದ್ದದ್ದು ನಿಜ. ಹೆಚ್ಚು ಅಂಕದವರ ಪಟ್ಟಿಯಲ್ಲಿ ಮೂರೂ ಸಾಲು ಹಾಗೇ ಇದ್ದವು: ವಿಠ್ಠಲ, ಪ್ರಮಿತಾ, ಮತ್ತೆ ವಿಠ್ಠಲ. ಪಡಸಾಲೆಯ ಶಹಾಬಾದ ಪರಸಿ ಕಲ್ಲಿನ ಮೇಲೆ ಕುಳಿತಲ್ಲೇ ನನ್ನ ಕಣ್ಣು ತುಂಬಿ ಬಂತು.

ಅತ್ತೆ ಬಂದು ನೋಡಿದರು. ಇಂಗ್ಲಿಷ್ ಅಕ್ಷರ ಕೂಡಿಸಿ ಓದುವಷ್ಟು ಅವರಿಗೆ ಬರುತ್ತದೆ. “ಯಾರವಾ ಈ ಪ್ರಮಿತಾ?” ಎಂದು ಕೇಳಿ, ಕೇಳಿದ ಮೇಲೆ ತಾವೇ ನಾಲಿಗೆ ಕಚ್ಚಿಕೊಂಡರು. ಆಮೇಲೆ ನನ್ನ ಪಕ್ಕ ಕುಳಿತು, “ನಾನೂ ಈ ಮನಿಗಿ ಬಂದ ಮ್ಯಾಲೇ ರುಖ್ಮಾಬಾಯಿ ಆದಾಕಿ. ತವರೂರು ತೆಂಗಳ್ಯಾಗ ನಾ ಚಂಪಾ ಇದ್ದೆ. ಹಂಗ ಕರಿಯಾವ್ರು ಈಗ ಒಬ್ಬರೂ ಉಳದಿಲ್ಲ. ಇದರಾಗ ಆ ಹೆಸರು ಬರೀಲಿಕ್ಕೆ ಬರ್ತದೇನು?” ಎಂದರು. ಸುಮ್ಮನೆ ಬರೆಯಲು ಬರುವುದಿಲ್ಲ ರೀ, ಅಂಕ ಗಳಿಸಬೇಕು ಎಂದೆ. ಅಷ್ಟೇ ನೋಡು! ಅವತ್ತಿನಿಂದ ಮಧ್ಯಾಹ್ನದ ನಿದ್ದೆ ಬಿಟ್ಟರು. ಇಟ್ಟಿಗೆ ಅಡ್ಡ ಬಿದ್ದರೆ ಅದಕ್ಕೇ ಬೈಯುತ್ತಾರೆ. ಒಂದು ದಿನ ಸಾರು ಸೀದು ಮಾವ ಮಜ್ಜಿಗೆ ಅನ್ನ ಉಂಡು ಎದ್ದರು. ಹೋದ ಗುರುವಾರ ಕೆಳಗಿನ ಸಾಲಿನ ವಿಠ್ಠಲನನ್ನು ತಳ್ಳಿ ಚಂಪಾ ಬಂದಳು. ನಿನ್ನ ಹೆಸರು ಮೇಲೊಂದು ಇದೆ, ಸಿಟ್ಟಾಗಬೇಡ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಆ ಸಾಲನ್ನು ಮತ್ತೆ ಮತ್ತೆ ಓದಿದರು.

ನೀನು ಕಳಿಸಿದ್ದು ಮೆಶೀನು, ಆದರೆ ನನಗೆ ಸಿಕ್ಕಿದ್ದು ಈ ಮನೆಯಲ್ಲಿ ಒಬ್ಬ ಗೆಳತಿ. ನಿನ್ನ ಉಪಕಾರ ನಾನು ಮರೆಯುವುದಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣು. ಮಾವ ನಿನಗೆ ಆಶೀರ್ವಾದ ಹೇಳಿದ್ದಾರೆ.

ಇಂತಿ ನಿನ್ನ ತಂಗಿ,
ಪ್ರಮಿತಾ

ತಾ.ಕ.: ಕವರು ಅಂಟಿಸುವಷ್ಟರಲ್ಲಿ ನಾಮದೇವ ಬಂದ. ಅತ್ತೆ ಬಾಗಿಲಿಗೇ ಹೋಗಿ, “ಪ್ರಮಿತಾ ಅಂತ ಏನೇ ಬಂದ್ರೂ ಈ ಮನಿಗೇ ಕೊಡು. ಚಂಪಾ ಅಂತ ಬಂದ್ರೂ ಹೊಳ್ಳಿ ಕಳಿಸಬ್ಯಾಡ” ಎಂದರು. ಅವರಿಗೆ ಆ ಹೆಸರಿನಲ್ಲಿ ಬರೆಯುವವರು ಯಾರೂ ಇಲ್ಲ, ಅಣ್ಣಾ. ನೀನೇ ಒಂದು ಕಾರ್ಡು ಬರೆ.