ಶಿಮೆತ್‌ನ ಮುಂದೆ ಕುಣಿದ ಹೋತಾ

ಬೆನಿಸಾರಾ
ನವೆಂಬರ್ ೧೨, ೧೮೯೪

ಪ್ರೀತಿಯ ಗಾಸ್ಪಾರ್,

ನಾವೆಲ್ಲ ಕ್ಷೇಮ ಎಂದು ಬರೆಯಲು ಕೂತು ಕೂತು ಎದ್ದಿದ್ದೇನೆ, ತಡವಾಗಿದ್ದು ಅದಕ್ಕೇ. ಬೇಸರ ಮಾಡಿಕೊಳ್ಳಬೇಡ. ಸಮುದ್ರದಾಚೆ ಒರಾನ್‌ನಲ್ಲಿ ಹಗ್ಗ ಹೊಸೆಯುವ ಹುಲ್ಲು ಕೊಯ್ಯುತ್ತಿರುವ ನೀನು, ಹಿಂದಿನ ಕಾಗದದಲ್ಲಿ ಮಗನಿಗೆ ಹಲ್ಲು ಬಂತೇ ಎಂದು ಕೇಳಿದ್ದೆ. ಎರಡು ಬಂದಿದ್ದವು. ನಮ್ಮ ಶಿಮೆತ್ ಹೋಗಿಬಿಟ್ಟ, ಗಾಸ್ಪಾರ್. ಸಕಲ ಸಂತರ ಹಬ್ಬದ ಮರುದಿನ ಗಂಟಲುಮಾರಿ ಶುರುವಾಯಿತು. ಡಾಕ್ಟರು ಕೆಳಗಿನ ಊರಿಂದ ಬೆಟ್ಟ ಹತ್ತಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅಳಲು ಬಿಡಲಿಲ್ಲ, ನಿನಗೆ ಗೊತ್ತಿರುವುದೇ. ಅತ್ತೆ ನನ್ನ ರಟ್ಟೆ ಹಿಡಿದು, "ಅಳ್ಬೇಡ ಕಣೇ, ಅವನೀಗ ದೇವದೂತ. ರೆಕ್ಕೆ ಒದ್ದೆಯಾದ್ರೆ ಹೆಂಗೆ ಹಾರ್ತಾನೆ?" ಎಂದರು. ನಾನು ಹಲ್ಲು ಕಚ್ಚಿಕೊಂಡೆ. ಅವನು ನೆಟ್ಟಗೆ ಹೋಗಿ ಸೇರಲಿ ಎನ್ನುವ ಆಸೆ ಬಿಟ್ಟರೆ ನನಗೆ ಇನ್ನೇನೂ ಉಳಿದಿರಲಿಲ್ಲ.

ಬಿಳಿ ಅಂಗಿ ತೊಡಿಸಿ, ಕಾಗದದ ಹೂವಿನ ಕಿರೀಟ ಇಟ್ಟು, ನಾವು ಉಣ್ಣುವ ಮೇಜಿನ ಮೇಲೆಯೇ ಮಲಗಿಸಿದೆ. ಬಂದವರೆಲ್ಲ, "ಪುಣ್ಯವಂತೆ ಕಣಮ್ಮ, ಸ್ವರ್ಗದಲ್ಲಿ ನಿಂಗೊಬ್ಬ ಇದಾನೆ" ಎಂದು ಶುಭ ಹೇಳಿ ಒಳಗೆ ಬಂದರು. ಹುರಿದ ಕಡಲೆ, ಸೋಂಪಿನ ಸಾರಾಯಿ ಹಂಚಿದೆ. ಪಾದ್ರಿಗಳು ಮಾತ್ರ ಹೊಸ್ತಿಲಲ್ಲೇ ನಿಂತು, "ಹೆಣದ ಮುಂದೆ ಕುಣೀಬೇಡಿ ಅಂತ ಬಿಷಪ್ಪರೇ ಹೇಳಿದಾರೆ, ಗೊತ್ತಿಲ್ವಾ?" ಅಂದರು. ಅತ್ತೆ ಬಿಡುತ್ತಾರೆಯೇ? "ಬಿಷಪ್ಪರು ಎಷ್ಟು ಹೆತ್ತಿದಾರೆ ಸ್ವಾಮಿ? ನಮ್ಮಜ್ಜಿಯ ಅಜ್ಜಿನೂ ಹಿಂಗೇ ಕುಣಿಸಿ ಕಳಿಸಿದ್ದು" ಎಂದು ಕುರ್ಚಿಗಳನ್ನು ಗೋಡೆಗೆ ಸರಿಸಿದರು.

ಸೆನೆನ್ ಮಾವ ಗಿಟಾರು ಹಿಡಿದರು. ದ್ರಾಕ್ಷಿ ಕೊಯ್ಲಿನಲ್ಲಿ ಹಾರಿ ಹಾರಿ ಕುಣಿಯುತ್ತೇವಲ್ಲ, ಅದೇ ಹೋತಾ. ಇಲ್ಲಿ ಮಾತ್ರ ನಿಧಾನ, ಮಗುವಿಗೆ ಬೆನ್ನು ತೋರಿಸುವಂತಿಲ್ಲ. ಜ್ಞಾನಸ್ನಾನದಲ್ಲಿ ಅವನನ್ನು ಎತ್ತಿಕೊಂಡವಳು ನಿನ್ನ ತಂಗಿ ಪಾಕಾ, ಹಾಗಾಗಿ ಮೊದಲ ಕುಣಿತ ಅವಳದೇ. ಎಣ್ಣೆಗಾಣದವರ ಹುಡುಗ ಅವಳಿಗೆ ಜೊತೆಯಾದ. ಅವನ ಕಾಲು ನೋಡಿ ಸೆನೆನ್ ಮಾವ, "ಕೋಳಿ ಕೆದಕ್ದಂಗೆ ಕೆದಕ್ತೀಯಲ್ಲೋ! ನಮ್ ಗಾಸ್ಪಾರ್ ಇರಬೇಕಿತ್ತು" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆ ಹುಡುಗ ಬೆರಳಿನ ಮರದ ಚಿಟಿಕೆಯನ್ನು ಬೇಕೆಂದೇ ಪಾಕಾಳ ಕಾಲ ಬಳಿ ಬೀಳಿಸಿದ. ಎತ್ತುವ ನೆಪದಲ್ಲಿ ಬಗ್ಗಿ ಏನೋ ಪಿಸುಗುಟ್ಟಿದ. ಅವಳ ಮುಖ ಕೆಂಪಾಯಿತು. ಬಾರ್ಬರಕ್ಕನ ಕೂಸು ತೀರಿಕೊಂಡು ನಾವಿಬ್ಬರು ಕುಣಿದಾಗ ನೀನು ನನಗೆ ಮಾಡಿದ್ದೂ ಇದನ್ನೇ ಅಲ್ಲವೇ? ನಮ್ಮ ಮದುವೆಯ ಮಾತು ಹುಟ್ಟಿದ್ದೇ ಆ ಕೂಸಿನ ಮುಂದೆ. ಅದರ ಮುಖ ಹೇಗಿತ್ತೆಂದು ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ನಾನು ನಿನ್ನನ್ನೇ ನೋಡುತ್ತಿದ್ದೆ.

ಬಾರ್ಬರಕ್ಕ ನನ್ನ ಪಕ್ಕದಲ್ಲೇ ಕೂತಿದ್ದಳು. ನನ್ನ ಕೈ ಹಿಡಿದು ಮೆಲ್ಲಗೆ, "ಅವತ್ತು ಅಳು ಬರದೇ ಇರ್ಲಿ ಅಂತ ನಿಮ್ಮಿಬ್ಬರ ಹೆಜ್ಜೆ ಎಣಿಸ್ತಾ ಕೂತಿದ್ದೆ ಕಣೇ. ಚೆನ್ನಾಗಿ ಕುಣಿದ್ರಿ. ನೀನೂ ಎಣಿಸು" ಎಂದಳು. ಎಣಿಸಿದೆ. ಗಂಟೆ ಹೊಡೆದು, ಮಣ್ಣು ಮಾಡಿ ಮನೆಗೆ ಬರುವವರೆಗೂ ನನ್ನ ಕಣ್ಣು ಒಣಗಿಯೇ ಇತ್ತು. ಗಟ್ಟಿ ಹೆಂಗಸು ಎಂದು ಊರೆಲ್ಲ ಮೆಚ್ಚಿತು.

ಅಲ್ಲಿ ನೀನು ಅತ್ತುಬಿಡು, ಸಮುದ್ರದಾಚೆಯ ಕಣ್ಣೀರು ಅವನಿಗೆ ತಾಕುವುದಿಲ್ಲ. ಹೊತ್ತು ಹೊತ್ತಿಗೆ ಉಣ್ಣು. ಮಾತೆ ಮರಿಯಮ್ಮ ನಿನ್ನನ್ನು ಕಾಪಾಡಲಿ.

ನಿನ್ನ
ರೆಮೇಯಿ

ಇನ್ನೊಂದು ಮಾತು. ಕಣ್ಣು ಒಣಗಿತ್ತು ಎಂದೆನಲ್ಲ, ಅದು ಜನ ಬಂದ ಮೇಲೆ. ಅಂಗಿ ತೊಡಿಸುವಾಗ ಮನೆಯಲ್ಲಿ ನಾನು, ಶಿಮೆತ್ ಇಬ್ಬರೇ ಇದ್ದೆವು. ತೋಳು ತೂರಿಸುತ್ತಿದ್ದಾಗ ಅವನ ಬಲಭುಜದ ಮೇಲೆ ಒಂದು ಹನಿ ಬಿತ್ತು. ತಕ್ಷಣ ಒರೆಸಿದೆ, ಆದರೆ ಬಟ್ಟೆ ಹೀರಿಕೊಂಡಿತ್ತು. ಬೇರೆ ಬಿಳಿ ಅಂಗಿ ಇರಲಿಲ್ಲ. ಅತ್ತೆಗೆ ಹೇಳಿಲ್ಲ, ಪಾದ್ರಿಗಳಿಗೂ ಹೇಳಿಲ್ಲ. ಒಂದು ಹನಿಗೆ ಏನೂ ಆಗುವುದಿಲ್ಲ ಎಂದು ಬರೆ, ಗಾಸ್ಪಾರ್. ನಿನಗೆ ಗೊತ್ತಿಲ್ಲದಿದ್ದರೂ ಬರೆ.